ಕಾಯುವವರ ಬೆಂಚು

ಅಮ್ಮ ತೀರಿಕೊಂಡ ಮೇಲೆ ಶಿವಮೊಗ್ಗದ ವಿದ್ಯಾನಗರದ ಬಾಡಿಗೆ ಮನೆಯಲ್ಲಿ ನನ್ನೊಡನೆ ಮಾತಾಡಲು ಯಾರೂ ಇರಲಿಲ್ಲ. ಕನಿಕರ ಗಿಟ್ಟಿಸಲು ಹೇಳುತ್ತಿಲ್ಲ, ಇದ್ದದ್ದೇ ಹಾಗೆ. ಬೆಳಿಗ್ಗೆ ಹಾಲಿನವನಿಗೆ ‘ಅರ್ಧ ಲೀಟರ್ ಸಾಕು’ ಅನ್ನುವುದು, ಬಸ್ಸಿನಲ್ಲಿ ‘ಭದ್ರಾವತಿ ಒಂದು’ ಅನ್ನುವುದು, ಅಲ್ಲಿಗೆ ಮುಗಿಯಿತು. ಕಾರ್ಖಾನೆಯ ಸ್ಟೋರಿನ ಕಿಟಕಿ ತೆಗೆದ ಮೇಲೆಯೇ ನನಗೆ ನಿಜವಾದ ಬಾಯಿ ಬರುತ್ತಿತ್ತು.

ಭದ್ರಾವತಿಯ ದೊಡ್ಡ ಕಾರ್ಖಾನೆಗಳ ಕೆಲಸ ನೆಚ್ಚಿಕೊಂಡಿದ್ದ ಸಣ್ಣ ಕಾರ್ಖಾನೆ ನಮ್ಮದು. ಬೇರಿಂಗು, ಬೆಲ್ಟು, ನಟ್ಟು ಬೋಲ್ಟು ಏನು ಬೇಕಾದರೂ ನನ್ನ ಕಿಟಕಿಗೇ ಬರಬೇಕು. ಮುಖ ನೋಡದೆ ಸಾಮಾನು ಕೊಡಬಾರದು ಅನ್ನುವುದು ನಮ್ಮಲ್ಲಿ ಯಾರೂ ಬರೆದಿಡದ ಕಾನೂನು. ಬೇಕಾದವನು ಚೀಟಿಯ ಜೊತೆಗೆ ಸವೆದುಹೋದ ಹಳೆಯದನ್ನೂ ಹಿಡಿದುಕೊಂಡು ಖುದ್ದಾಗಿ ಬರಬೇಕು. ಹಳೆಯದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರೆ ನಾನು ಅದನ್ನು ಎತ್ತಿಕೊಂಡು ಒಳಗೆ ಹೋಗಿ ಅಂಥದ್ದೇ ಹೊಸದನ್ನು ಹುಡುಕುತ್ತಿದ್ದೆ. ಒಳಗೆ ಯಾವುದೂ ಒಂದು ಕಡೆ ಇರುತ್ತಿರಲಿಲ್ಲ. ಅಷ್ಟು ಹೊತ್ತೂ ಬಂದವರು ಕಿಟಕಿಯ ಕೆಳಗಿನ ಮರದ ಬೆಂಚಿನ ಮೇಲೆ ಕೂತು ಕಾಯಬೇಕು.

ಆ ಬೆಂಚಿನ ಮಾತೆಲ್ಲ ನನಗೆ ಒಳಗೆ ಕೇಳಿಸುತ್ತಿತ್ತು. ಮಗಳು ಪಿಯುಸಿಯಲ್ಲಿ ಗಣಿತಕ್ಕೆ ಫೇಲಾದದ್ದು, ಹೆಂಡತಿಯ ಮಂಡಿನೋವು, ಯಾರದೋ ಎಮ್ಮೆ ಕರು ಹಾಕಿದ್ದು. ನಾನು ರ‍್ಯಾಕುಗಳ ನಡುವೆ ಧೂಳು ಕುಡಿಯುತ್ತಲೇ ಉತ್ತರ ಕೂಗುತ್ತಿದ್ದೆ. ಮೋಲ್ಡಿಂಗ್ ವಿಭಾಗದ ಒಬ್ಬ ತಮಿಳು ಫಿಟ್ಟರ್ ಇದ್ದ. ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವನು, ಮಾತಿನ ಮಲ್ಲ. ‘ಮೇಡಂ, ಬೆಲ್ಟ್ ಸಿಗ್ಲಿಲ್ಲಾಂದ್ರೆ ಪರ್ವಾಗಿಲ್ಲ, ಒಳಗೆ ನೀವೇ ಕಳೆದೋಗ್ಬೇಡಿ’ ಅಂತ ಅವನು ಕೂಗಿದರೆ ಬೆಂಚಿಗೆ ಬೆಂಚೇ ನಗುತ್ತಿತ್ತು. ನಾನೂ ನಗುತ್ತಿದ್ದೆ. ದಿನಕ್ಕೆ ಅಷ್ಟು ಸಿಕ್ಕರೆ ಸಂಜೆ ಬೀಗ ತೆಗೆದು ಒಳಗೆ ಹೋಗಲು ಧೈರ್ಯ ಇರುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನಮಗೊಬ್ಬ ಹೊಸ ಮ್ಯಾನೇಜರ್ ಬಂದರು. ಸಾಮಾನಿಗೆ ಕಾದೇ ಅರ್ಧ ಕೆಲಸ ಹಾಳಾಗುತ್ತಿದೆ, ಸ್ಟೋರನ್ನು ಸರಿಪಡಿಸಿ, ಇಲ್ಲವಾದರೆ ಹೊರಗಿನ ಗುತ್ತಿಗೆದಾರರಿಗೆ ಕೊಟ್ಟುಬಿಡುತ್ತೇವೆ ಅಂದರು. ಸರಿಪಡಿಸುವ ವಿದ್ಯೆಗೆ ಶಿವಮೊಗ್ಗದಲ್ಲೇ ಸಂಜೆ ಕ್ಲಾಸು ಇದೆಯಂತೆ. ನನ್ನನ್ನೇ ಆರಿಸಿದ ಕಾರಣವನ್ನೂ ಮುಚ್ಚಿಡಲಿಲ್ಲ. ‘ನಿಮಗೇನಮ್ಮ, ಮನೇಲಿ ದಾರಿ ಕಾಯೋರು ಯಾರೂ ಇಲ್ಲ. ಆರಾಮಾಗಿ ಹೋಗಿ ಬರಬಹುದು.’ ನನಗೆ ಮೈಯೆಲ್ಲ ಉರಿಯಿತು. ಆದರೂ ‘ಆಗ್ಲಿ ಸಾರ್’ ಅಂದೆ. ಗುತ್ತಿಗೆಗೆ ಹೋದರೆ ಕಿಟಕಿಯೂ ಹೋಗುತ್ತದೆ, ಬೆಂಚೂ ಹೋಗುತ್ತದೆ.

ದುರ್ಗಿಗುಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ಕ್ಲಾಸು. ಕಲಿಸುತ್ತಿದ್ದವರು ನಿವೃತ್ತ ಇಂಜಿನಿಯರ್. ಕಲಿಯಲು ಬಂದವರಲ್ಲಿ ನಾನೊಬ್ಬಳೇ ಹೆಂಗಸು. ಸ್ವಲ್ಪ ಅಳುಕುತ್ತಲೇ ಹೋದೆ, ಆದರೆ ಆ ವಿದ್ಯೆ ನನಗೆ ಹಿಡಿಸಿಬಿಟ್ಟಿತು. ಒಂದು ಕೆಲಸ ಹುಟ್ಟಿದ ಕಡೆಯಿಂದ ಮುಗಿಯುವ ಕಡೆಯವರೆಗೆ ಅದರ ಬೆನ್ನು ಹತ್ತಿ ನಡೆಯಬೇಕು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಮಾಡುವ ಕೆಲಸಕ್ಕೆ ಚೌಕ, ಸುಮ್ಮನೆ ಕಾಯುವುದಕ್ಕೆ ಕೆಂಪು ತ್ರಿಕೋನ. ಕೆಂಪೆಲ್ಲ ದಂಡ, ಅದನ್ನು ತೆಗೆಯಬೇಕು.

ನಮ್ಮ ಸ್ಟೋರಿನ ನಕ್ಷೆ ಬರೆದು ಒಯ್ದಾಗ ಮೇಷ್ಟ್ರು ನೋಡಿ ತಲೆದೂಗಿದರು. ಬೆಂಚಿನ ಜಾಗದಲ್ಲಿ ಎಲ್ಲಕ್ಕಿಂತ ದೊಡ್ಡ ಕೆಂಪು ತ್ರಿಕೋನವಿತ್ತು. ನಾನು ಕೇಳಿದೆ, ‘ಸಾರ್, ಕಾಯೋವಾಗ ಜನ ಸುಮ್ನೆ ಕೂತಿರಲ್ಲ, ಏನಾದ್ರೂ ಮಾತಾಡ್ತಿರ್ತಾರಲ್ಲ. ಅದಕ್ಕೆ ಯಾವ ಗುರುತು?’

‘ಅದಕ್ಕೆ ಗುರುತಿಲ್ಲಮ್ಮ,’ ಅಂದರು. ಕ್ಲಾಸು ನಕ್ಕಿತು. ಅವರು ನಗಲಿಲ್ಲ. ನನ್ನ ಮುಖ ನೋಡಿ ಬೋರ್ಡಿನ ಕಡೆ ತಿರುಗಿಕೊಂಡರು.

ಅವರು ಕಲಿಸಿದ್ದು ಬೆರಕೆ ದಾರಿ. ರ‍್ಯಾಕು, ಡಬ್ಬಿ, ನಂಬರುಗಳಂಥ ಜಡ ವಸ್ತುಗಳಿಗೆ ಮೊದಲೇ ಪೂರ್ತಿ ಯೋಜನೆ ಹಾಕಿ, ತಾರೀಕು ಗೊತ್ತು ಮಾಡಿ ಕೆಲಸ ಮುಗಿಸಬೇಕು. ಜನರ ಅಭ್ಯಾಸಕ್ಕೆ ಮಾತ್ರ ಹಾಗೆ ಮಾಡಲಾಗದು. ಹದಿನೈದು ದಿನ ಒಂದು ಕಡೆ ಮಾಡಿ ನೋಡು, ತಿದ್ದು, ಆಮೇಲೆ ಮುಂದಿನದಕ್ಕೆ ಕೈ ಹಾಕು. ನಾನು ಹಾಗೆಯೇ ಮಾಡಿದೆ. ರ‍್ಯಾಕುಗಳು ಹೇಳಿದ ದಿನಕ್ಕೆ ಎದ್ದು ನಿಂತವು. ವಿಭಾಗದವರು ಬೇಕಾದ್ದನ್ನು ಫೋನಿನಲ್ಲೇ ನಂಬರು ಹೇಳಿ ಕೇಳುವುದು, ಸಾಮಾನು ತಳ್ಳುಗಾಡಿಯಲ್ಲಿ ಅವರಿದ್ದಲ್ಲಿಗೇ ಹೋಗುವುದು, ಹಳೆಯದು ಅದೇ ಗಾಡಿಯಲ್ಲಿ ವಾಪಸು ಬರುವುದು ಅಂತ ರೂಲು ಮಾಡಿದೆ. ಮೊದಲು ಮಷೀನ್ ಶಾಪಿನಲ್ಲಿ ಮಾಡಿ ನೋಡಿದೆವು. ಅವರು ಬೆಂಚಿಗೆ ಬರುವುದು ನಿಂತಿತು. ಆಮೇಲೆ ವೆಲ್ಡಿಂಗಿನವರದೂ ನಿಂತಿತು. ಹದಿನೈದು ದಿನಕ್ಕೊಮ್ಮೆ ಒಂದೊಂದು ವಿಭಾಗದ ದನಿ ಕಿಟಕಿಯ ಕೆಳಗೆ ಕಡಿಮೆಯಾಗುತ್ತಾ ಹೋಯಿತು. ನನ್ನ ಕಿವಿಗೇ ನಾನು ಬೀಗ ಹಾಕುತ್ತಿದ್ದೇನೆ ಅನ್ನಿಸುತ್ತಿತ್ತು. ಆದರೂ ಕೆಲಸ ಅಚ್ಚುಕಟ್ಟಾಗಿ ನಡೆಯುತ್ತಿದೆಯಲ್ಲ ಅನ್ನುವ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಕೊನೆಗೆ ಮೋಲ್ಡಿಂಗಿನವರ ಸರದಿ ಬಂತು. ಫಿಟ್ಟರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಗಾಡಿ ಬರುತ್ತದೆ ಅಂದರೂ ಹಳೇ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಬಂದು ಕೂರುತ್ತಿದ್ದ. ಜನ ಹಳೆಯ ಅಭ್ಯಾಸವನ್ನು ಸುಲಭವಾಗಿ ಬಿಡುವುದಿಲ್ಲ, ಬೇಸರಿಸಬೇಡಿ ಅಂತ ಮೇಷ್ಟ್ರು ಹೇಳಿದ್ದರು. ಬೇಸರವೆಲ್ಲಿಂದ ಬಂತು, ಅವನ ಚಪ್ಪಲಿ ಸಪ್ಪಳಕ್ಕೆ ನಾನು ಬೆಳಿಗ್ಗೆಯಿಂದ ಕಾಯುತ್ತಿದ್ದೆ. ಇದು ಮ್ಯಾನೇಜರ ಕಣ್ಣಿಗೆ ಬಿತ್ತು. ‘ಒಬ್ಬ ಬಂದ್ರೆ ನಾಳೆ ಎಲ್ರೂ ಬರ್ತಾರೆ, ನೀವೇ ಹೇಳಿಬಿಡಿ,’ ಅಂದರು.

ಮಾರನೆಯ ದಿನ ಅವನು ಬಂದಾಗ ಹೇಳಿದೆ, ‘ಇನ್ನು ಇಲ್ಲಿಗೆ ಬರಬೇಡಿ. ಫೋನ್ ಮಾಡಿದ್ರೆ ಸಾಕು.’

ಅವನು ಎದ್ದು ನಿಂತು ಕಿಟಕಿಯೊಳಗೆ ಬಗ್ಗಿ ನೋಡಿದ. ‘ನಾನ್ ಬರೋದು ನಿಮಗೆ ಬೇಜಾರಾ ಮೇಡಂ?’

‘ಬೇಜಾರಲ್ಲ. ರೂಲು.’

‘ರೂಲ್ ಮಾಡ್ದೋರು ಯಾರು?’

‘ನಾನೇ,’ ಅಂದೆ. ಅವನು ಹಳೇ ಬೆಲ್ಟನ್ನು ಕಟ್ಟೆಯ ಮೇಲಿಟ್ಟು ಹೋದ. ಆ ದಿನ ನಾನು ಊಟದ ಡಬ್ಬಿ ಬಿಚ್ಚಲಿಲ್ಲ.

ಸ್ಟೋರು ಗುತ್ತಿಗೆಗೆ ಹೋಗಲಿಲ್ಲ. ಮ್ಯಾನೇಜರ್ ನನಗೆ ಎಲ್ಲರೆದುರು ಶಾಲು ಹೊದಿಸಿದರು. ಬೆಂಚನ್ನು ಗೇಟಿನ ಸೆಕ್ಯುರಿಟಿಯವರು ಒಯ್ದರು. ಈಗ ಫೋನು ರಿಂಗಾಗುತ್ತದೆ, ಯಾರೋ ನಂಬರು ಹೇಳುತ್ತಾರೆ, ನಾನು ನಂಬರು ತಿರುಗಿ ಹೇಳುತ್ತೇನೆ, ಅವರು ಇಡುತ್ತಾರೆ. ತಪ್ಪೇ ಆಗುವುದಿಲ್ಲ. ಕೆಲವು ದಿನ ಬೇಕೆಂದೇ ‘ಇನ್ನೊಂದ್ಸಲ ಹೇಳಿ’ ಅನ್ನುತ್ತೇನೆ.

ಒಂದು ಶನಿವಾರ ಸಂಜೆ ಶಿವಮೊಗ್ಗದ ಬಸ್ಸಿನಲ್ಲಿ ಫಿಟ್ಟರ್ ಸಿಕ್ಕ. ಜೊತೆಗೆ ಹೆಂಡತಿ ಇದ್ದಳು, ಮಂಡಿಯನ್ನು ಡಾಕ್ಟರಿಗೆ ತೋರಿಸಲು ಹೊರಟಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ ನನ್ನ ಸೀಟು ಬಿಟ್ಟು ಅವರ ಹತ್ತಿರ ಹೋಗಿ ಕಂಬಿ ಹಿಡಿದು ನಿಂತೆ. ‘ಇವ್ರೇ ನಮ್ ಸ್ಟೋರ್ ಮೇಡಂ,’ ಅಂತ ಹೆಂಡತಿಗೆ ಹೇಳಿದ. ಆಕೆ ಕೈ ಮುಗಿದಳು. ಆಮೇಲೆ ನನಗೂ ಅವನಿಗೂ ಏನು ಮಾತಾಡಬೇಕೋ ತಿಳಿಯಲಿಲ್ಲ. ಮಾತಿಗೆಂದು ನಮಗೆ ಇದ್ದದ್ದು ಆ ಕಾಯುವ ಹೊತ್ತು ಒಂದೇ, ಅದು ಈಗ ಇರಲಿಲ್ಲ. ಅವನು ಕಿಟಕಿಯ ಹೊರಗೆ ನೋಡಿದ, ನಾನು ಟಿಕೆಟ್ಟು ಮಡಿಸಿದೆ.

ಇಳಿಯುವಾಗ ಅವನಿಗೆ ನನ್ನ ಮೇಲೆ ಕರುಣೆ ಬಂತೋ ಏನೋ, ತಿರುಗಿ ನಿಂತು ಮನಸಾರೆ ಹೇಳಿದ, ‘ನೀವ್ ಮಾಡಿದ್ದು ತುಂಬಾ ಒಳ್ಳೇದಾಯ್ತು ಮೇಡಂ. ಬೆಲ್ಟ್ ಟೈಮಿಗೆ ಬರ್ತಿದೆ. ಈಗ ನಿಮ್ ಕಡೆ ಬರೋ ಅವಶ್ಯಕತೇನೇ ಇಲ್ಲ.’

‘ಹೌದಾ, ಸಂತೋಷ,’ ಅಂದೆ. ಅವನು ಹೆಂಡತಿಯ ಕೈ ಹಿಡಿದು ಇಳಿಸಿದ. ನನ್ನ ಸ್ಟಾಪು ಇನ್ನೂ ಮುಂದಿತ್ತು, ನಾನು ಅವರು ಎದ್ದ ಸೀಟಿನಲ್ಲೇ ಕೂತೆ.