ಹನ್ನೊಂದೂವರೆಗೆ ಕೈಕೊಡುವ ಮಷಿನ್

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಮೂರು ನಿಮಿಷದ ದಾರಿ. ಬೆಳಗಿನ ಆರು ಗಂಟೆಗೆ ಆ ವಿಡಿಯೊ ಗೇಮ್ ಪಾರ್ಲರಿನ ಶಟರು ಮೊಣಕಾಲೆತ್ತರಕ್ಕೆ ಮಾತ್ರ ಎದ್ದಿದೆ. ಐವತ್ತೆರಡರ ಶೆಟ್ಟೆಪ್ಪ ಬಗ್ಗಿ ಒಳಗೆ ಹೋಗುತ್ತಾರೆ, ಅಂಗಿ ಕಳಚಿ ಮೊಳೆಗೆ ಸಿಕ್ಕಿಸುತ್ತಾರೆ, ನಾಲ್ಕನೇ ನಂಬರಿನ ಮಷಿನ್ನಿನ ಬೆನ್ನ ಹಿಂದೆ ಚಕ್ಕಂಬಕ್ಕಳ ಹಾಕಿ ಕೂರುತ್ತಾರೆ. ಹೊರಗೆ ಬಿಲ್ಡಿಂಗಿನ ವಾಚ್‌ಮನ್ ಸ್ಟೂಲು ಎಳೆದುಕೊಂಡು ಶಟರಿಗೆ ಅಡ್ಡ ಕೂತಿದ್ದಾನೆ. ಒಳಗಿರುವ ಮನುಷ್ಯ ಏನನ್ನೂ ಜೇಬಿಗಿಳಿಸದಂತೆ ನೋಡಿಕೊಳ್ಳಲು ಅವನಿಗೆ ಹೇಳಲಾಗಿದೆ.

ಮಷಿನ್ ಎಂದರೆ ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ. ಮುಂದೆ ಪರದೆ, ಹಿಡಿಕೆ, ಕೆಂಪು ಗುಂಡಿಗಳು. ಹಿಂದಿನ ಬಾಗಿಲು ತೆಗೆದರೆ ಒಂದರ ಮೇಲೊಂದು ಎರಡು ಬೋರ್ಡು. ಕೆಳಗಿನದು ಲೆಕ್ಕ ಮಾಡುತ್ತದೆ, ಮೇಲಿನದು ಚಿತ್ರ ಬಿಡಿಸುತ್ತದೆ. ಮೇನ್ ಸ್ವಿಚ್ ಇನ್ನೂ ಹಾಕಿಲ್ಲ, ಆದರೂ ರೂಢಿಯಂತೆ ಶೆಟ್ಟೆಪ್ಪ ಕೈ ಮಗುಚಿ, ಬೆರಳಿನ ಹಿಂಬದಿಯನ್ನು ಮೇಲಿನ ಬೋರ್ಡಿನ ಒಂದೊಂದೇ ಚಿಪ್ಪಿನ ಮೇಲೆ ಇಟ್ಟು ನೋಡುತ್ತಾರೆ. "ಮಕ್ಕಳ ಜ್ವರ ನೋಡ್ತೀವಲ್ರಿ, ಹಂಗ. ಅಂಗೈಲೆ ಮುಟ್ಟಬಾರದು. ಕರೆಂಟ್ ಹೊಡೀತಂದ್ರ ಕೈ ಮುಚ್ಚಿ ಅದನ್ನ ಹಿಡ್ಕೊಂಡು ಬಿಡ್ತದ" ಎನ್ನುತ್ತಾರೆ.

ಈ ಮಷಿನ್ನಿನ ಕಾಯಿಲೆ ಇಡೀ ಗಲ್ಲಿಗೆ ಬಾಯಿಪಾಠವಾಗಿದೆ. ಬೆಳಿಗ್ಗೆ ಎಂಟಕ್ಕೆ ಹಾಕಿದರೆ ಚೆನ್ನಾಗಿ ಓಡುತ್ತದೆ. ಹನ್ನೊಂದರ ಹೊತ್ತಿಗೆ ಆಟದ ವಿಮಾನದ ರೆಕ್ಕೆ ಚೌಕ ಚೌಕವಾಗಿ ಒಡೆಯುತ್ತದೆ. ಹನ್ನೊಂದೂವರೆಗೆ ಪರದೆಯ ತುಂಬ ಬಣ್ಣದ ಪಟ್ಟೆ, ಒಂದೇ ಸಮನೆ ಕೂಗು, ಆಮೇಲೆ ಎಲ್ಲ ಸ್ತಬ್ಧ. ಒಂದು ಗಂಟೆ ಆರಿಸಿಟ್ಟರೆ ಮತ್ತೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ. ಗಿರಾಕಿಗಳು ಮಾತ್ರ ಎದ್ದು ಹೋಗಿರುತ್ತಾರೆ.

ಮಾರ್ಚಿನಲ್ಲಿ ಇದೇ ತೊಂದರೆ ಬಂದಾಗ ಶೆಟ್ಟೆಪ್ಪ ಒಂದು ಕೆಟ್ಟ ಚಿಪ್ಪಿನ ಬದಲು ಅದೇ ಕೆಲಸದ ಬೇರೆ ನಂಬರಿನ ಚಿಪ್ಪು ಹಾಕಿ, ಪೆಟ್ಟಿಗೆಯ ಮಗ್ಗುಲಲ್ಲಿ ನೆಲದಿಂದ ಒಂದು ಗೇಣು ಮೇಲೆ ತೂತು ಕೊರೆದು, ಹೊರಗಿನ ತಂಪು ಗಾಳಿ ಒಳಗೆಳೆಯುವ ಫ್ಯಾನು ಕೂರಿಸಿಕೊಟ್ಟಿದ್ದರು. ಒಂದು ತಿಂಗಳು ಸುಖ. ಮೇ ತಿಂಗಳಲ್ಲಿ ಕಾಯಿಲೆ ಹಿಂದಿಗಿಂತ ಜೋರಾಗಿ ಮರಳಿತು. ಮಾಲೀಕರು ಬೇರೊಬ್ಬ ಮೆಕ್ಯಾನಿಕನನ್ನು ಕರೆಸಿದರು. ಆತ ಬೋರ್ಡು ನೋಡಿ, ಬದಲಾದ ಚಿಪ್ಪಿನ ಮೇಲಿನ ಬೇರೆ ನಂಬರು ತೋರಿಸಿ, "ಅಸಲಿ ಮಾಲು ಯಾರೋ ಎತ್ತಿದ್ದಾರೆ" ಅಂದುಬಿಟ್ಟ. ಕೆಟ್ಟ ಚಿಪ್ಪನ್ನು ಶೆಟ್ಟೆಪ್ಪ ಅಂದೇ ಕಾಗದದಲ್ಲಿ ಸುತ್ತಿ ಮಾಲೀಕರ ಕೈಗೆ ಕೊಟ್ಟಿದ್ದರು. ಅದನ್ನು ಎಲ್ಲಿಟ್ಟೆನೆಂದು ಮಾಲೀಕರಿಗೆ ನೆನಪಿಲ್ಲ.

ಮಾಲೀಕರು ಬೆಳಗಾವಿ ಕಡೆಯ ಸಿದ್ದಲಿಂಗಪ್ಪ. ಪಾರ್ಲರಿನ ಮೇಲಿನ ಖೋಲಿಯಲ್ಲೇ ವಾಸ. ಮಾತು ಒರಟು, ಮನಸ್ಸು ಕೆಟ್ಟದ್ದಲ್ಲ, ಆದರೆ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಶೆಟ್ಟೆಪ್ಪ ಚಿಪ್ಪು ಕದ್ದ ಸುದ್ದಿಯನ್ನು, ಅವರು ರಿಪೇರಿಗೆ ಹೋಗುವ ಉಳಿದ ಆರು ಪಾರ್ಲರಿನವರಿಗೂ ಅವರೇ ಮುಟ್ಟಿಸಿದ್ದಾರೆ. ಕೊನೆಗೆ ಕರೆದು, "ಗುರುವಾರದಿಂದ ಶನಿವಾರ, ಮೂರು ದಿನ ಟೈಮ್ ಐತಿ ನಿನಗ. ಮಷಿನ್ ನಿಲ್ಲದಂಗ ಓಡಿಸಿ ತೋರ್ಸು. ಇಲ್ಲಂದ್ರ ಈ ಧಂದೆದಾಗ ಯಾರೂ ನಿನ್ನ ಒಳಗ ಬಿಡೂದಿಲ್ಲ" ಎಂದಿದ್ದಾರೆ. ಇವತ್ತು ಶುಕ್ರವಾರ.

ಶೆಟ್ಟೆಪ್ಪ ಸಿಂದಗಿ ಕಡೆಯವರು. ಹದಿನೆಂಟಕ್ಕೆ ಮುಂಬಯಿಗೆ ಬಂದು ಪರೇಲಿನ ಬಟ್ಟೆ ಮಿಲ್ಲಿನಲ್ಲಿ ವಾಯರ್‌ಮನ್ ಆದರು. ಬಿಸಿಯಾದ ಮೋಟಾರನ್ನು ಕೈ ಮಗುಚಿ ಮುಟ್ಟುವುದನ್ನು ಕಲಿತದ್ದು ಅಲ್ಲಿ. ಎಂಬತ್ತೆರಡರ ಮುಷ್ಕರದಲ್ಲಿ ಮಿಲ್ಲು ಮುಚ್ಚಿತು, ಮತ್ತೆ ತೆರೆದಾಗ ಇವರ ಹೆಸರು ಪಟ್ಟಿಯಲ್ಲಿರಲಿಲ್ಲ. ಎರಡು ವರ್ಷ ಸಿಕ್ಕಿದ್ದು ಮಾಡಿದರು. ಆಮೇಲೆ ಪರೇಲಿನಲ್ಲೇ ಹೊಸದಾಗಿ ತೆರೆದ ಗೇಮ್ ಪಾರ್ಲರಿನಲ್ಲಿ ಲೈಟು ಹಾಕಿಕೊಡಲು ಹೋದವರು ಅಲ್ಲೇ ಉಳಿದರು. ಮಷಿನ್ನುಗಳು ಹೊರದೇಶದಿಂದ ಬಂದ ಹಳೇ ಮಾಲು. ಜೊತೆಗಿದ್ದ ನಕ್ಷೆಯ ಕಾಗದಗಳು ಜಪಾನೀ ಅಕ್ಷರದಲ್ಲಿದ್ದವು. "ಗೆರಿ ಎಲ್ಲಾ ದೇಶದಾಗೂ ಒಂದ ಅಲ್ರಿ. ಅಕ್ಷರ ಬಿಟ್ಟು ಗೆರಿ ಓದಿಕೊಂಡೆ" ಎಂದು ನಗುತ್ತಾರೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವರಿಗೆ ಅಷ್ಟು ಓದಲು ಎಂಟು ತಿಂಗಳು ಹಿಡಿದಿದೆ.

ಈಗ ಏಳು ಪಾರ್ಲರು, ಮೂವತ್ತೊಂದು ಮಷಿನ್ನು. ಅಂಟಾಪ್ ಹಿಲ್ಲಿನ ಮನೆಯಿಂದ ಮೊದಲ ಬಸ್ಸು ಹಿಡಿದು ದಾದರಿಗೆ, ಅಲ್ಲಿಂದ ಲೋಕಲ್. ದಿನಕ್ಕೆ ನಾಲ್ಕೈದು ಹಿಡಿಕೆ ರಿಪೇರಿ, ಹತ್ತಿಪ್ಪತ್ತು ಗುಂಡಿ, ಒಂದೋ ಎರಡೋ ಬೋರ್ಡು. ಮಧ್ಯಾಹ್ನದ ಡಬ್ಬಿ ಯಾವುದೋ ಮಷಿನ್ನಿನ ಹಿಂದೆಯೇ ಬಿಚ್ಚುತ್ತಾರೆ. ಆಡುವ ಹುಡುಗರು ಇವರ ಮುಖ ನೋಡಿದವರಲ್ಲ. ಪೆಟ್ಟಿಗೆಯ ಆ ಕಡೆಯಿಂದ "ಅಂಕಲ್, ಜಲ್ದಿ ಕರೋ ನಾ" ಎಂದು ಕೂಗುವುದಷ್ಟೇ ಪರಿಚಯ.

ಇದೆಲ್ಲ ಹೋದೀತೆಂಬ ಹೆದರಿಕೆಯನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವುದು ಹೆಂಡತಿ ರಾಚವ್ವ. "ಹದಿನೈದು ದಿನಾ ಆತ್ರಿ, ಇವರು ಸರೀಗಿ ಉಂಡಿಲ್ಲ. ಮಿಲ್ ಬಂದ್ ಆದಾಗ ಸುದ್ದಾ ಹಿಂಗ ಕುಂತಿದ್ದಿಲ್ಲ. ಆವಾಗ ಕೆಲಸ ಅಷ್ಟ ಹೋಗಿತ್ತು. ಈಗ ಕಳ್ಳ ಅಂದಾರ."

ನಿನ್ನೆ ಗುರುವಾರ ಶೆಟ್ಟೆಪ್ಪ ಒಂಬತ್ತಕ್ಕೆ ಬಂದು, ಮಷಿನ್ ಕೈಕೊಡುವವರೆಗೆ ಕಾದು ನೋಡಿ, ಏನೂ ಗೊತ್ತಾಗದೆ ಹೋಗಿದ್ದರು. ಬೋರ್ಡಿನ ಮೇಲೆ ಕಂದು ಬಣ್ಣದ ಜಿಗುಟು ಕೂತಿತ್ತು. ಪಕ್ಕದ ಉಡುಪಿ ಹೋಟೆಲಿನ ವಡೆ ಎಣ್ಣೆಯ ಹೊಗೆ ಇರಬೇಕೆಂದು ಮೇಲೆ ಮೇಲೆ ಒರೆಸಿಟ್ಟರು. ಇವತ್ತು ಲೆಕ್ಕ ಬೇರೆ. "ಬ್ಯಾನಿ ಬಂದಾಗ ಎಲ್ಲಾರೂ ನೋಡ್ತಾರ್ರಿ. ಆರಾಮ ಇದ್ದಾಗ ಏನ್ ಮಾಡ್ತದ ಅಂತ ಯಾರೂ ನೋಡಂಗಿಲ್ಲ. ಅದಕ್ಕ ಇವತ್ತ ಅದು ಏಳೂಕ್ಕಿಂತ ಮೊದಲ ಬಂದೀನಿ."

ಏಳೂಮುಕ್ಕಾಲಿಗೆ ಸಿದ್ದಲಿಂಗಪ್ಪ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು ಇಳಿದು ಬರುತ್ತಾರೆ. ಶಟರು ಪೂರ್ತಿ ಎತ್ತಿ, ಮೇನ್ ಸ್ವಿಚ್ ಹಾಕುತ್ತಾರೆ. ಐದೂ ಪರದೆ ಬೆಳಗುತ್ತವೆ. ಕೈಯಲ್ಲಿ ಕೆಂಡ ತುಂಬಿದ ಲೋಬಾನದ ಬಟ್ಟಲು. ಪರದೆ ಹತ್ತಿದ ಮೇಲೆಯೇ ಧೂಪ, ಕತ್ತಲ ಮುಖಕ್ಕೆ ಧೂಪ ಹಾಕಬಾರದೆಂಬುದು ಅವರ ನೇಮ. ಪ್ರತಿ ಮಷಿನ್ನಿಗೂ ಮೂರು ಸುತ್ತು ಹೊಗೆ ತೋರಿಸಿ, ಕೊನೆಗೆ ಬಟ್ಟಲನ್ನು ನಾಲ್ಕನೆಯದರ ಮಗ್ಗುಲಲ್ಲಿ ನೆಲಕ್ಕೆ ಇಡುತ್ತಾರೆ. ಹೆಚ್ಚು ದುಡಿಯುವ ಮಷಿನ್ ಅದೇ, ಹೊಗೆಯೂ ಅದಕ್ಕೇ ಹೆಚ್ಚು.

ಶೆಟ್ಟೆಪ್ಪ ನೋಡುತ್ತಲೇ ಇದ್ದಾರೆ. ಮೇಲೇಳಬೇಕಾದ ಹೊಗೆ ಮೇಲೇಳುವುದಿಲ್ಲ. ಬೀಡಿ ಸೇದುವವನ ಬಾಯಿಗೆ ಹೋದಂತೆ ಬಾಗಿ, ಅವರೇ ಕೊರೆದ ತೂತಿನೊಳಗೆ ಹೋಗುತ್ತದೆ. ಅವರು ಬೋರ್ಡಿನ ಮೂಲೆಯ ಜಿಗುಟನ್ನು ಉಗುರಿನಿಂದ ಕೆರೆದು, ಬೆರಳುಗಳ ನಡುವೆ ತಿಕ್ಕಿ ಮೂಸುತ್ತಾರೆ. ವಡೆಯಲ್ಲ, ಲೋಬಾನ. ಎರಡು ತಿಂಗಳ ಹೊಗೆ ಅಂಟಾಗಿ, ಅಂಟಿಗೆ ಧೂಳು ಕೂತು, ಎರಡು ಬೋರ್ಡಿನ ನಡುವೆ ಕಂಬಳಿ ಹೊದಿಸಿದೆ. ಫ್ಯಾನಿನ ರೆಕ್ಕೆಯೂ ಅಂಟಿ ಅರ್ಧ ವೇಗಕ್ಕೆ ಇಳಿದಿದೆ.

"ಏನರ ಗೊತ್ತಾತೇನು? ವೋಲ್ಟೇಜ್ ತೊಂದ್ರಿ ಇರಬೇಕ್ ನೋಡು" ಎನ್ನುತ್ತಾರೆ ಸಿದ್ದಲಿಂಗಪ್ಪ. ಅನುಮಾನ ಹೊತ್ತು ಅವರಿಗೂ ಸಾಕಾಗಿದೆ. ಇಲ್ಲಿ ಹೌದು ಎಂದು ತಲೆಯಾಡಿಸಿದರೆ ಮುಗಿದೇಹೋಯಿತು. ಸ್ಪಿರಿಟ್ಟಿನಲ್ಲಿ ಬೋರ್ಡು ತೊಳೆದು, ಫ್ಯಾನು ಸದ್ದಿಲ್ಲದೆ ಕಿತ್ತು ಬೇರೆ ಕಡೆ ಕೂರಿಸಿದರೆ ಯಾರಿಗೂ ತಿಳಿಯುವುದಿಲ್ಲ.

"ವೋಲ್ಟೇಜ್ ಅಲ್ರಿ ಸಾವಕಾರ್ರ. ನಾ ಹಾಕಿದ ಫ್ಯಾನ್‌ದ ತಪ್ಪು. ತೂತು ಎಲ್ಲಿ ಕೊರೀಬಾರದಿತ್ತೋ ಅಲ್ಲೇ ಕೊರದೀನಿ. ನಿಮ್ಮ ಲೋಬಾನ ಎಲ್ಲಾ ಒಳಗ ಹೊಂಟದ. ಮಷಿನ್ ಕೆಡಿಸಿದಾಂವ ನಾನ."

ಸಿದ್ದಲಿಂಗಪ್ಪ ಬಗ್ಗಿ, ಹೊಗೆ ತೂತಿನೊಳಗೆ ಹೋಗುವುದನ್ನು ನೋಡುತ್ತಾರೆ. ಕೊನೆಗೆ, "ಲೋಬಾನ ಬಿಡೂದು ಆಗೂದಿಲ್ಲ" ಎನ್ನುತ್ತಾರೆ. ಬಿಡಬೇಕಾಗಿಯೂ ಇಲ್ಲ. ಶೆಟ್ಟೆಪ್ಪ ಫ್ಯಾನಿಗೆ ಬೇರೆಯೇ ಸ್ವಿಚ್ಚು ಹಾಕುತ್ತಾರೆ. ಬೆಳಗಿನ ತಂಪಿನಲ್ಲಿ ಅರ್ಧ ಗಂಟೆ ಫ್ಯಾನು ತಿರುಗದಿದ್ದರೆ ನಷ್ಟವಿಲ್ಲ. ಪರದೆಗೆ ಧೂಪವಾಗಲಿ, ಹೊಗೆ ಹೊರಗೆ ಹೋಗಲಿ, ಆಮೇಲೆ ಫ್ಯಾನು. ಇಡೀ ದಿನ ಕೂತು ಹಳೇ ಬ್ರಷ್ಷಿನಿಂದ ಬೋರ್ಡು ತೊಳೆಯುತ್ತಾರೆ.

ಶನಿವಾರ ಹನ್ನೊಂದೂವರೆಗೆ ಪಾರ್ಲರಿನಲ್ಲಿ ಯಾರೂ ಆಡುವುದಿಲ್ಲ, ಎಲ್ಲರೂ ನಾಲ್ಕನೇ ನಂಬರಿನ ಸುತ್ತ ನಿಂತಿದ್ದಾರೆ. ರೆಕ್ಕೆ ಒಡೆಯುವುದಿಲ್ಲ. ಹನ್ನೆರಡಾಗುತ್ತದೆ, ಎರಡಾಗುತ್ತದೆ. ಸಂಜೆ ಸಿದ್ದಲಿಂಗಪ್ಪ ಚಹಾ ತರಿಸಿ, ಇಷ್ಟು ಹೊತ್ತು ನುಂಗಿಕೊಂಡಿದ್ದ ಪ್ರಶ್ನೆ ಕೇಳುತ್ತಾರೆ.

"ನೀ ಹೇಳದಿದ್ರ ನನಗ ಗೊತ್ತಾಕ್ಕಿತ್ತೇನು?"

"ಇಲ್ರಿ."

"ಮತ್ಯಾಕ ಹೇಳಿದಿ?"

"ಕದ್ದಿಲ್ಲ ಅಂತ ನಾ ಹೇಳಿದ್ದು ನೀವು ನಂಬಬೇಕಂದ್ರ, ಕೆಡಿಸೀನಿ ಅನ್ನೂದೂ ನನ್ನ ಬಾಯಿಲೆನ ಬರಬೇಕಲ್ರಿ."

ಭಾನುವಾರ ಸಿದ್ದಲಿಂಗಪ್ಪ ಆರೂ ಪಾರ್ಲರಿಗೆ ಖುದ್ದಾಗಿ ಹೋಗಿ ತಮ್ಮ ಮಾತು ಹಿಂತೆಗೆದುಕೊಂಡು ಬಂದಿದ್ದಾರೆ. ನಾಲ್ಕು ಕಡೆ ಒಪ್ಪಿದರು. ಉಳಿದಿಬ್ಬರು ಶೆಟ್ಟೆಪ್ಪನವರನ್ನು ಇನ್ನೂ ಕರೆದಿಲ್ಲ. ಕಳ್ಳನಲ್ಲದಿದ್ದರೇನು, ಕೆಡಿಸಿದವನಂತೂ ಹೌದಲ್ಲ ಎಂಬುದು ಅವರ ವಾದ. ಒಂಬತ್ತು ಮಷಿನ್ ಕೈಬಿಟ್ಟು ಹೋಗಿವೆ. ಬೇಸರವಿಲ್ಲವೇ ಎಂದರೆ ಶೆಟ್ಟೆಪ್ಪ ಇದೆ ಎಂದೇ ಹೇಳುತ್ತಾರೆ.

"ದಿನಾ ಅವರ ಬಾಗಲ ಮುಂದಿಂದನ ಹೋಗ್ತೀನ್ರಿ. ಕರದ್ರ ಒಳಗ ಹೋಗಾಂವ. ಕರೀಲಿಲ್ಲಂದ್ರ, ಮಷಿನ್ ಆರಾಮ ಅವ ಅಂತ ತಿಳ್ಕೋತೀನಿ."