ಬಿಷ್ಕೆಕ್‌ನಲ್ಲಿ ಏಳು ಜನರ ಊಟ

ಅಕ್-ತಲಾ ಕಣಿವೆಯ ಕಡೆ ಕುರಿ ಕಾಯುವವರ ಮನೆಗಳಲ್ಲಿ, ತಾಯಿಯೆಂಬಂತೆ ಎಲ್ಲರೂ 'ಅಪಾ' ಎನ್ನುವ ಬುರುಲ್‌ಳ ಕೈರುಚಿ ಕಾಣದವರು ಕಡಿಮೆ. ಉಣ್ಣೆ ಕತ್ತರಿಸುವ ದಿನಗಳಲ್ಲಿ ಬೆಟ್ಟದ ಮೇಲೆ ಬಿಡಾರ ಹೂಡುತ್ತಿದ್ದ ಕೆಲಸಗಾರರಿಗೆಲ್ಲ ಅವಳೇ ಅಡುಗೆಯವಳು. ಹರೆಯದಲ್ಲಿ ಹಿಡಿದ ಸೌಟನ್ನು ಮೊಣಕಾಲು ನೋವು ಬಂದು ಕುದುರೆ ಹತ್ತಲಾಗದ ಮೇಲೆಯೇ ಕೆಳಗಿಟ್ಟದ್ದು. ಮಾತು ಜೋರು, ನಗು ಇನ್ನೂ ಜೋರು. ಹಟ ಬಂದರೆ ಹೇಸರಗತ್ತೆಯೂ ಅವಳಿಗೆ ದಾರಿ ಬಿಡಬೇಕು ಎಂದು ಅವಳ ಗಂಡ ಬದುಕಿದ್ದಾಗ ಹೇಳುತ್ತಿದ್ದ.

ಅವಳ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಊಟದ ಹಾಸು ಹಾಸಿದ ಮೇಲೆ ಮನೆಯವರೆಲ್ಲ ಸುತ್ತ ಕೂರಬೇಕು. ಒಬ್ಬರು ಕಡಿಮೆಯಿದ್ದರೂ ರೊಟ್ಟಿ ಮುರಿಯುವಂತಿಲ್ಲ. ಮಗ ತಾಲಾಯ್ ಟ್ರ್ಯಾಕ್ಟರ್ ಕೆಟ್ಟು ದಾರಿಯಲ್ಲಿ ಸಿಕ್ಕಿಬಿದ್ದ ದಿನ ಸಾರು ಮೂರು ಸಲ ಆರಿ ಮೂರು ಸಲ ಬಿಸಿಯಾಗಿತ್ತು. ಯಾಕೆ ಹೀಗೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸೊಸೆ ಜಿಪಾರ್ ಮೊದಲು ಹೆತ್ತದ್ದು ಮೀರಿಮ್ ಎಂಬ ಹುಡುಗಿಯನ್ನು. ಐದು ವರ್ಷದ ಮೇಲೆ ಒಂದೇ ಸಲಕ್ಕೆ ಮೂವರನ್ನು ಹೆತ್ತಳು. ಆಯ್ಸುಲು, ಆಯ್ಪೆರಿ ಎಂಬ ಹೆಣ್ಣುಗಳು, ಕೊನೆಗೆ ಆಯ್ದಾರ್ ಎಂಬ ಗಂಡು. ಆ ಕಣಿವೆಯಲ್ಲಿ ತ್ರಿವಳಿಗಳು ಹುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಬುರುಲ್ ಮೂರು ತೊಟ್ಟಿಲನ್ನೂ ಸಾಲಾಗಿಟ್ಟು ಬಂದವರಿಗೆಲ್ಲ ತೋರಿಸಿದಳು. ದೃಷ್ಟಿಯಾದೀತು, ಮುಚ್ಚಿಡಿ ಎಂದವರಿಗೆ, "ಮೂರು ಮಕ್ಕಳಿಗೆ ಹಂಚಿಹೋದ್ರೆ ದೃಷ್ಟಿ ಎಷ್ಟು ತಾನೇ ತಾಗತ್ತೆ?" ಎಂದಳು.

ಮೀರಿಮ್‌ಗೆ ಒಂಬತ್ತಾದ ವರ್ಷ ಶರತ್ಕಾಲದಲ್ಲಿ ರಾಜಧಾನಿ ಬಿಷ್ಕೆಕ್‌ನಿಂದ ಕರೆ ಬಂತು. ನಾಡಿನ ಎಲ್ಲ ಕಡೆಯ ಮಕ್ಕಳು ಫಿಲ್‌ಹಾರ್ಮೊನಿ ಸಂಗೀತ ಭವನದ ದೊಡ್ಡ ವೇದಿಕೆಯ ಮೇಲೆ ಮೂರು ತಂತಿಯ ಕೊಮುಜ್ ನುಡಿಸಬೇಕಿತ್ತು. ಅಕ್-ತಲಾ ಕಡೆಯಿಂದ ಆರಿಸಿದ್ದು ಮೀರಿಮ್ ಒಬ್ಬಳನ್ನೇ. ಒಬ್ಬರು ಜೊತೆಗೆ ಹೋದರೆ ಸಾಕು ಎಂದು ಮೇಷ್ಟರು ಹೇಳಿದರು. ಬುರುಲ್ ಒಂದು ಟಗರು ಮಾರಿ ಮನೆಮಂದಿಯನ್ನೆಲ್ಲ ಹೊರಡಿಸಿದಳು.

ಮೀರಿಮ್ ಚೆನ್ನಾಗಿ ನುಡಿಸಿದಳು. ನಡುವೆ ಕೊಮುಜನ್ನು ತಲೆಕೆಳಗು ಮಾಡಿ ಹೆಗಲ ಮೇಲಿಟ್ಟು, ಒಂದು ಸ್ವರವೂ ತಪ್ಪದಂತೆ ಮುಂದುವರಿಸಿದಾಗ ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ಬುರುಲ್ ಅಕ್ಕಪಕ್ಕದವರ ತೋಳು ಹಿಡಿದು ಹಿಡಿದು, "ನನ್ನ ಮೊಮ್ಮಗಳು! ಕೆಂಪು ಟೊಪ್ಪಿಯವಳು!" ಎಂದಳು. ಎಲ್ಲ ಹುಡುಗಿಯರದೂ ಕೆಂಪು ಟೊಪ್ಪಿಯೇ.

ಹೊರಗೆ ಬಂದ ಮೇಲೆ ಬುರುಲ್ ಘೋಷಿಸಿದಳು: "ಇವತ್ತು ಬುತ್ತಿ ಊಟ ಇಲ್ಲ. ಒಳ್ಳೇ ಜಾಗದಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಏಳು ಜನವೂ ಕೂತು ಉಣ್ಣೋಣ. ಮೀರಿಮ್ ಕೇಳಿದ್ದು."

"ನಾನು ಐಸ್‌ಕ್ರೀಮ್ ಕೇಳಿದ್ದು, ಅಪಾ," ಎಂದಳು ಮೀರಿಮ್.

"ಅದೂ ಅಲ್ಲೇ ಇರತ್ತೆ."

ದೊಡ್ಡ ಬೀದಿಯಲ್ಲಿ ಮೊದಲು ಸಿಕ್ಕಿದ್ದು ಗಾಜಿನ ಬಾಗಿಲಿನ ಹೋಟೆಲು. ಒಳಗೆ ಬಿಳಿ ಬಟ್ಟೆಯ ಮೇಜುಗಳೇ ಕಾಣುತ್ತಿದ್ದವು. ಬಾಗಿಲಲ್ಲಿ ನಿಂತಿದ್ದ ಸೂಟಿನ ಯುವಕ ತ್ರಿವಳಿಗಳನ್ನು ನೋಡಿ ಕೈ ಅಡ್ಡ ಹಿಡಿದ.

"ಕ್ಷಮಿಸಿ ಅಪಾ, ಸಂಜೆ ಹೊತ್ತು ಹನ್ನೆರಡು ವರ್ಷದೊಳಗಿನ ಮಕ್ಕಳನ್ನ ಬಿಡಲ್ಲ."

"ನಿಮ್ಮೂರಲ್ಲಿ ಹನ್ನೆರಡಾಗೋವರೆಗೂ ಹಸಿವೇ ಆಗಲ್ವೇನಪ್ಪಾ?"

"ನಿಯಮ, ಅಪಾ. ನಾನೇನು ಮಾಡ್ಲಿ?"

"ನೀನೇನು ಮಾಡ್ತೀಯ ಪಾಪ. ನಿಂಗೂ ಹನ್ನೆರಡು ದಾಟಿದ ಹಾಗೆ ಕಾಣಲ್ಲ," ಎಂದು ಬುರುಲ್ ಮುಂದೆ ನಡೆದಳು. ಯುವಕನಿಗೆ ನಗು ತಡೆಯಲಾಗಲಿಲ್ಲ.

ಎರಡನೆಯ ಕಡೆ ಬಾಗಿಲಿಗೇ ಬಂದು ಕರೆದರು. ಆದರೆ ಏಳು ಜನಕ್ಕೆ ಒಂದೇ ಮೇಜಿರಲಿಲ್ಲ. ಕಿಟಕಿಯ ಬಳಿ ನಾಲ್ಕು ಕುರ್ಚಿ, ಕಂಬದ ಹಿಂದೆ ಮೂರು. ಮೇಜುಗಳನ್ನು ಜೋಡಿಸಿಕೊಳ್ಳೋಣವೆಂದರೆ ಎರಡನ್ನೂ ನೆಲಕ್ಕೆ ಬಿಗಿದಿತ್ತು.

"ಹೇಗೋ ಕೂತ್ಕೊಳ್ಳೋಣ ಬಿಡು, ಅಮ್ಮ," ಎಂದ ತಾಲಾಯ್. ಆಯ್ದಾರ್ ಅವನ ಹೆಗಲ ಮೇಲೆ ಕೂತು ಬಿಳಿ ಉಣ್ಣೆ ಟೊಪ್ಪಿಯ ತುದಿ ಜಗಿಯುತ್ತಿದ್ದ.

"ನಾವೇನು ಎರಡು ಮನೆಯವರೇನೋ?" ಎಂದು ಬುರುಲ್ ಹೊರಗೆ ಬಂದೇಬಿಟ್ಟಳು.

ಕತ್ತಲಾಗುತ್ತಿತ್ತು. ಆಯ್ಪೆರಿ ಅಳಲು ಶುರುಮಾಡಿದಳು, ಅವಳನ್ನು ನೋಡಿ ಆಯ್ಸುಲು. ಜಿಪಾರ್ ಇಬ್ಬರನ್ನೂ ಒಂದೊಂದು ಕಂಕುಳಿಗೆ ಎತ್ತಿಕೊಂಡು ನಡೆದಳು. ಅಷ್ಟರಲ್ಲಿ ಬಣ್ಣದ ದೀಪಗಳ ದೊಡ್ಡ ಹಲಗೆ ಕಂಡಿತು: ಮಕ್ಕಳಿರುವ ಮನೆಯವರಿಗೆ ಸ್ವಾಗತ.

"ನೋಡಿದ್ರಾ!" ಎಂದಳು ಬುರುಲ್, ತಾನೇ ಬರೆಸಿದ ಹಾಗೆ.

ಒಳಗೆ ಬೆಚ್ಚಗಿತ್ತು. ಹಳದಿ ಅಂಗಿಯ ಹುಡುಗಿಯೊಬ್ಬಳು ನಗುತ್ತ ಬಂದು ಮಕ್ಕಳ ಕೆನ್ನೆ ತಟ್ಟಿದಳು. "ಇವರನ್ನ ನಮಗೆ ಬಿಡಿ, ಎಜೆ," ಎಂದು ಜಿಪಾರ್‌ಳನ್ನು ಅಕ್ಕನೆಂದೇ ಕರೆದಳು. "ಅಲ್ಲಿ ಮಕ್ಕಳ ಕೋಣೆ ಇದೆ. ಆಟ, ಊಟ ಎಲ್ಲ ಅಲ್ಲೇ. ನೀವು ಇಲ್ಲಿ ಆರಾಮಾಗಿ ಊಟ ಮಾಡಿ."

ಗಾಜಿನ ಗೋಡೆಯ ಆಚೆ ಬಣ್ಣದ ಚೆಂಡುಗಳ ರಾಶಿ, ಪುಟಾಣಿ ಮೇಜುಗಳು. ಆಯ್ಸುಲು ಮತ್ತು ಆಯ್ಪೆರಿ ಅಳು ನಿಲ್ಲಿಸಿ ಓಡಿದರು. ಜಿಪಾರ್ ಖಾಲಿಯಾದ ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡು ಕುರ್ಚಿಗೆ ಒರಗಿದಳು. ಅವಳ ಮುಖ ಅಷ್ಟು ಹಗುರಾದದ್ದನ್ನು ತಾಲಾಯ್ ಬಹಳ ದಿನದಿಂದ ಕಂಡಿರಲಿಲ್ಲ.

ಆಯ್ದಾರ್ ಮಾತ್ರ ಒಳಗೆ ಹೋದವನು ಈ ಕಡೆ ತಿರುಗಿ, ಒಳಗಿನಿಂದಲೇ ಗಾಜಿಗೆ ಮೂಗು ಒತ್ತಿ ನಿಂತ. ಒಳಗೆ ಮಕ್ಕಳಿಗೆ ತಟ್ಟೆ ಹಂಚುತ್ತಿದ್ದರು. ಅವನು ತಟ್ಟೆಯ ಕಡೆ ನೋಡದೆ ಅಜ್ಜಿಯನ್ನೇ ನೋಡುತ್ತಿದ್ದ.

ಬುರುಲ್‌ಗೆ ಏನಾಯಿತೋ, ತಟ್ಟನೆ ಎದ್ದಳು. ಬೂಟುಗಾಲಲ್ಲೇ ಮಕ್ಕಳ ಕೋಣೆಗೆ ನುಗ್ಗಿ ಮೂವರನ್ನೂ ಹೊರಗೆಳೆದು, ಯಾರ ಮಾತನ್ನೂ ಕೇಳಿಸಿಕೊಳ್ಳದೆ ಬೀದಿಗೆ ಬಂದಳು. ಉಳಿದವರು ಅವಳ ಹಿಂದೆ ಓಡಿದರು.

"ಅಪಾ!" ಜಿಪಾರ್ ಅವಳಿಗೆ ಅಡ್ಡ ನಿಂತಳು. "ಏನು ಕಮ್ಮಿಯಾಗಿತ್ತು ಅಲ್ಲಿ? ಬೆಚ್ಚಗಿತ್ತು. ಮಕ್ಕಳು ಖುಷಿಯಾಗಿದ್ವು. ಇನ್ನೇನು ಬೇಕಿತ್ತು ನಿಮಗೆ?"

ಬುರುಲ್ ಬಸ್‌ನಿಲ್ದಾಣದ ಬೆಂಚಿನ ಮೇಲೆ ಕೂತಳು. ಆಯ್ದಾರ್‌ನನ್ನು ಮಡಿಲಿಗೆ ಎಳೆದುಕೊಂಡಳು.

"ನಮ್ಮಪ್ಪ ಅಮ್ಮ ಹೋದ ಮೇಲೆ ನನ್ನನ್ನೂ ತಮ್ಮ ತೆಮಿರ್‌ನನ್ನೂ ಅನಾಥ ಮಕ್ಕಳ ಮನೆಗೆ ಹಾಕಿದ್ರು," ಎಂದಳು. "ಕೆಟ್ಟ ಜನ ಅಲ್ಲ ಅವರು. ಹೊಟ್ಟೆಗೆ ಹಾಕಿದ್ರು, ಬೂಟು ಕೊಟ್ರು. ಆದ್ರೆ ಚಿಕ್ಕೋರ ಪಂಕ್ತಿ ಮೊದಲು, ದೊಡ್ಡೋರದ್ದು ಆಮೇಲೆ. ಅವನು ಉಣ್ಣುವಾಗ ನಾನು ಬಾಗಿಲ ಹೊರಗೆ. ಗಾಜಿಗೆ ಮೂಗು ಒತ್ತಿ ನೋಡ್ತಿದ್ದೆ, ಅವನು ಅನ್ನ ಬಿಟ್ಟು ನನ್ನನ್ನೇ ನೋಡ್ತಿದ್ದ. ಒಂದೇ ಸೂರಿನ ಕೆಳಗೆ ಅಷ್ಟು ವರ್ಷ ಇದ್ವಿ, ಒಂದು ದಿನಾನೂ ಒಟ್ಟಿಗೆ ಕೂತು ಉಣ್ಣಲಿಲ್ಲ."

ತಾಲಾಯ್ ಇದನ್ನು ಕೇಳಿದ್ದು ಅದೇ ಮೊದಲು. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಜಿಪಾರ್ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಕಣ್ಣೊರೆಸಿಕೊಂಡಳು, ಆದರೆ ಮಾತು ನಿಲ್ಲಿಸಲಿಲ್ಲ.

"ನನಗೆ ಗೊತ್ತಿರಲಿಲ್ಲ ಅಪಾ. ಗೊತ್ತಿದ್ದಿದ್ರೆ ಆ ಕೋಣೆಗೆ ಬಿಡ್ತಿರಲಿಲ್ಲ. ಆದ್ರೆ ನಾನೂ ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಒಟ್ಟಿಗೆ ಉಣ್ಣೋಣ ಅಂತೀರಲ್ಲ, ಒಟ್ಟಿಗೆ ಕೂತಾಗ ನೀವೆಲ್ಲ ಉಣ್ತೀರಿ, ನಾನು ಉಣಿಸ್ತೀನಿ. ಒಬ್ಬಳಿಗೆ ತುತ್ತಿಟ್ಟರೆ ಇನ್ನೊಬ್ಬಳು ಚೆಲ್ಲಿರ್ತಾಳೆ. ನನ್ನ ಬಟ್ಟಲಿಗೆ ಬರೋ ಹೊತ್ತಿಗೆ ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿರತ್ತೆ. ಇವು ಹುಟ್ಟಿದ ಮೇಲೆ ನಾನು ಬಿಸಿ ಚಹಾ ಕುಡಿದಿದ್ದೇ ನೆನಪಿಲ್ಲ."

ಬೆಟ್ಟದ ಮೇಲೆ ಅಷ್ಟೊಂದು ಜನರ ನಡುವೆ ಯಾರ ಬಟ್ಟಲು ಖಾಲಿಯಾಯಿತು, ಯಾರು ನಾಚಿಕೊಂಡು ಎರಡನೇ ಸಲ ಕೇಳಲಿಲ್ಲ ಎಂದು ಮುಖ ನೋಡಿಯೇ ತಿಳಿಯುತ್ತಿದ್ದವಳು ಬುರುಲ್. ತನ್ನದೇ ಹಾಸಿನ ಅಂಚಿನಲ್ಲಿ ನಾಲ್ಕು ವರ್ಷದಿಂದ ಒಬ್ಬಳು ಆರಿದ ಅನ್ನ ಉಣ್ಣುತ್ತಿದ್ದದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಸೊಸೆಯ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದು ತಿಕ್ಕಿದಳು. ಕೈ ತಣ್ಣಗಿತ್ತು.

"ನಡಿ. ಹುಡುಕೋಣ," ಎಂದಳಷ್ಟೆ.

ಆಗ ಮೀರಿಮ್ ಕತ್ತು ವಾರೆ ಮಾಡಿ ನಿಂತಳು. "ಅಪಾ, ಕೇಳಿಸ್ತಾ? ಯಾರೋ ಹಿಟ್ಟು ಬಡೀತಿದಾರೆ."

ದೊಡ್ಡವರಿಗೆ ಮೋಟಾರುಗಳ ಸದ್ದಲ್ಲದೆ ಬೇರೇನೂ ಕೇಳಿಸಲಿಲ್ಲ. ಮೀರಿಮ್ ಕೊಮುಜ್ ಚೀಲ ಹೆಗಲಿಗೇರಿಸಿ ಪಕ್ಕದ ಓಣಿಗೆ ನುಗ್ಗಿದಳು. ಎರಡು ತಿರುವು ದಾಟಿದ ಮೇಲೆ ಎಲ್ಲರಿಗೂ ಕೇಳಿಸಿತು, ಹಲಗೆಯ ಮೇಲೆ ಹಿಟ್ಟಿನೆಳೆಗಳನ್ನು ಬೀಸಿ ಬಡಿಯುವ ಟಪ್, ಟಪ್ ಸದ್ದು. ಅದೊಂದು ಉಯ್ಗುರರ ಲಗ್ಮಾನ್ ಶಾವಿಗೆಯ ಅಂಗಡಿ. ತಗ್ಗು ಮಾಡು, ಕಿಟಕಿ ತುಂಬ ಹಬೆ. ಒಳಗೆ ಟ್ಯಾಕ್ಸಿಯವರು ತಲೆ ಬಗ್ಗಿಸಿ ಶಾವಿಗೆ ಸೊರಸೊರ ಎಳೆಯುತ್ತಿದ್ದರು.

ತೋಳಿನವರೆಗೆ ಹಿಟ್ಟು ಮೆತ್ತಿಕೊಂಡಿದ್ದ ಯಜಮಾನ ರೋಜಾಖುನ್ ಬಾಗಿಲಿಗೆ ಬಂದ.

"ತಮ್ಮಾ, ಮಕ್ಕಳಿಗೆ ಜಾಗ ಇದೆಯಾ?" ಎಂದು ಬುರುಲ್ ಕೇಳಿದಳು.

"ದೊಡ್ಡೋರಿಗೆ ಜಾಗ ಇದೆಯಾ ಅಂತ ಕೇಳಿ, ಅಪಾ. ಮಕ್ಕಳು ಎಲ್ಲಾದ್ರೂ ಹಿಡಿಸ್ತಾರೆ."

"ಏಳು ಜನ. ಒಂದೇ ಕಡೆ ಕೂರಬೇಕು. ಮೂರು ಚೆಲ್ಲೋ ವಯಸ್ಸಿನವು. ಮೊದಲೇ ಹೇಳ್ತಿದೀನಿ."

"ನಮ್ಮ ಮನೇಲಿ ಐದಿವೆ. ಅವು ಚೆಲ್ಲದ ಜಾಗ ತೋರಿಸಿದ್ರೆ ನಿಮಗೆ ಪುಕ್ಕಟೆ ಊಟ ಹಾಕ್ತೀನಿ." ಅವನು ಒಳಗೆ ತಿರುಗಿ ಕೂಗಿದ. "ಪಾತಿಮ್! ಜಗಲಿ ಮೇಲೆ ಹಾಸು!"

ಅಂಗಡಿಯ ಹಿಂಬದಿಯಲ್ಲಿ ಕಂಬಳಿ ಹಾಸಿದ ಅಗಲವಾದ ಮರದ ಜಗಲಿಯಿತ್ತು. ಅವನ ಹೆಂಡತಿ ಪಾತಿಮ್ ಅದರ ನಡುವೆ ಒಂದು ಹಾಸು ಬಿಡಿಸಿದಳು. ಬಿಳಿಯದಲ್ಲ, ದ್ರಾಕ್ಷಿ ಗೊಂಚಲಿನ ಚಿತ್ರದ ರಬ್ಬರು ಹಾಸು, ಒರೆಸಿದರೆ ಆಯಿತು. ಏಳು ಜನ ಸುತ್ತಲೂ ಹಿಡಿಸುವಷ್ಟು ದೊಡ್ಡದು.

ಬಾಗಿಲಿಗೆ ಎದುರಾದ ಗೋಡೆಯ ಪಕ್ಕ, ಹಿರಿಯರು ಕೂರುವ 'ತೋರ್' ಜಾಗದಲ್ಲಿ ಪಾತಿಮ್ ದಪ್ಪನೆಯ ಹಾಸಿಗೆ ಹಾಕಿ, "ಬನ್ನಿ ಅಪಾ," ಎಂದಳು. ಬುರುಲ್ ಅಲ್ಲಿಗೆ ಹೋಗಿ, ದಿಂಬು ಸರಿಮಾಡಿ, ಸೊಸೆಯ ಕಡೆ ತಿರುಗಿದಳು.

"ಜಿಪಾರ್, ಬಾ, ಇಲ್ಲಿ ಕೂತ್ಕೋ."

ಜಿಪಾರ್ ಬೆಚ್ಚಿದಳು. "ಅಯ್ಯೋ, ಅಪಾ! ಅದು ನಿಮ್ಮ ಜಾಗ. ನೋಡಿದೋರು ಏನಂತಾರೆ?"

"ಈ ಊರಲ್ಲಿ ನಮ್ಮನ್ನ ನೋಡಿದೋರು ಯಾರಿದಾರೆ? ಅಲ್ಲಿ ಕೂತ್ರೆ ಮಕ್ಕಳಿಗೆ ನಿನ್ನ ಕೈ ಎಟುಕಲ್ಲ. ಅದಕ್ಕೇ ಹೇಳ್ತಿರೋದು. ಕೂತ್ಕೋ."

ಮೊದಲ ಬಟ್ಟಲು ಬಂತು. ಹಿರಿಯಳ ಮುಂದಿಡಲು ಬಂದ ಪಾತಿಮ್‌ಳ ಮೊಣಕೈಯನ್ನು ಬುರುಲ್ ಮೆಲ್ಲಗೆ ಸೊಸೆಯ ಕಡೆ ತಿರುಗಿಸಿದಳು. ಮೆಣಸಿನ ಕೆಂಪು ಎಣ್ಣೆ ತೇಲುವ ಸಾರು, ಉದ್ದೆಳೆಯ ಶಾವಿಗೆ, ಹಬೆ. ಜಿಪಾರ್ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಹಬೆಯನ್ನೇ ನೋಡತೊಡಗಿದಳು.

"ನೋಡ್ತಾ ಕೂತ್ರೆ ಆರಿಹೋಗತ್ತೆ, ಮಗಳೇ."

ಜಿಪಾರ್ ಉಣ್ಣತೊಡಗಿದಳು. ಆಯ್ಸುಲು ಮತ್ತು ಆಯ್ಪೆರಿಯನ್ನು ಬುರುಲ್ ತನ್ನ ಎರಡು ಪಕ್ಕಕ್ಕೂ ಕೂರಿಸಿಕೊಂಡು ಶಾವಿಗೆ ತುಂಡರಿಸಿ ಬಾಯಿಗಿಟ್ಟಳು. ಆಯ್ದಾರ್ ಅಪ್ಪನ ಪಾಲಿಗೆ ಬಂದ. ತಾಲಾಯ್ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಬಲ್ಲ ಮನುಷ್ಯ, ನಾಲ್ಕು ವರ್ಷದ ಮಗುವಿಗೆ ಶಾವಿಗೆ ಉಣಿಸುವ ಉಪಾಯ ಅವನಿಗೆ ಹೊಳೆಯಲಿಲ್ಲ. ಒಂದೆಳೆ ಮಗುವಿನ ಬಾಯಿಗೆ ಹೋದರೆ ಮೂರೆಳೆ ಅವನ ಎದೆಯ ಮೇಲೆ.

ಪಕ್ಕದ ಮೇಜಿನ ಟ್ಯಾಕ್ಸಿಯವನೊಬ್ಬ ನಕ್ಕ. "ಏನ್ ತಮ್ಮಾ, ಮಗುಗೆ ಉಣಿಸ್ತಿದೀಯೋ, ಅಂಗಿಗೆ ಉಣಿಸ್ತಿದೀಯೋ?"

ತಾಲಾಯ್‌ನ ಕಿವಿ ಕೆಂಪಾದವು. ಬುರುಲ್ ತಲೆಯೆತ್ತಿದಳು. "ಸ್ವಲ್ಪ ತಡ್ಕೊಳ್ಳಪ್ಪಾ. ಒಂದೇ ಏಟಿಗೆ ಮೂರು ಕೊಟ್ಟೋನು ನನ್ನ ಮಗ. ಒಂದಕ್ಕೆ ಉಣಿಸೋದನ್ನ ಕಲೀದೇ ಇರ್ತಾನಾ?"

ಅಂಗಡಿಯೆಲ್ಲ ಗೊಳ್ಳೆಂದಿತು. ಜಿಪಾರ್‌ಗೆ ನಗು ಬಂದು ಸಾರು ನೆತ್ತಿಗೇರಿತು. ಅವಳು ಕೆಮ್ಮುತ್ತಿದ್ದರೆ ಅತ್ತೆ ಬೆನ್ನು ತಟ್ಟಿದಳು, ಪಾತಿಮ್ ಚಹಾ ತಂದಳು. ಆ ಚಹಾ ಬಾಯಿ ಸುಡುವಷ್ಟು ಬಿಸಿಯಿತ್ತು. ಜಿಪಾರ್ ಅದನ್ನು ಊದಿ ಊದಿ, ನಿಧಾನವಾಗಿ, ಪೂರ್ತಿ ಕುಡಿದು, ಇನ್ನೊಂದು ಬಟ್ಟಲು ಕೇಳಿದಳು.

ಮೂರನೆಯ ಬಟ್ಟಲು ಆಯ್ಪೆರಿಯ ಕಾಲು ತಾಗಿ ಉರುಳಿತು. ಪಾತಿಮ್ ಬಂದು ಒರೆಸಿ, ಅಳಲು ಬಾಯಿ ತೆರೆದವಳ ಕೈಗೆ ಹಸಿ ಹಿಟ್ಟಿನ ಉಂಡೆಯೊಂದನ್ನು ಕೊಟ್ಟು ಹೋದಳು. ಅಷ್ಟೇ.

"ಕೊಮುಜ್ ಯಾರದ್ದು?" ಎಂದು ರೋಜಾಖುನ್ ಚೀಲ ನೋಡಿ ಕೇಳಿದ.

ಇದಕ್ಕೇ ಕಾದಿದ್ದವಳಂತೆ ಬುರುಲ್ ಬೆನ್ನು ನೆಟ್ಟಗೆ ಮಾಡಿದಳು. ಫಿಲ್‌ಹಾರ್ಮೊನಿ, ವೇದಿಕೆ, ತಲೆಕೆಳಗಾದ ಕೊಮುಜ್, ಚಪ್ಪಾಳೆ, ಎಲ್ಲವನ್ನೂ ಅಂಗಡಿಗೆ ಕೇಳುವಂತೆ ಹೇಳಿದಳು. ಒಂದೆರಡು ಚಪ್ಪಾಳೆ ಹೆಚ್ಚೂ ಆದವು. ಒಂದು ಹಾಡು ನುಡಿಸಮ್ಮಾ ಎಂದು ಟ್ಯಾಕ್ಸಿಯವರು ಕೇಳಿದಾಗ ಮೀರಿಮ್ ಎರಡು ಕೈಯನ್ನೂ ಎತ್ತಿ ತೋರಿಸಿದಳು. ಎಣ್ಣೆ ಸೋರುತ್ತಿತ್ತು.

"ಈಗ ಆಗಲ್ಲ. ನಾನು ಉಣ್ತಿದೀನಿ."

"ಸರಿಯಾಗಿ ಹೇಳಿದೆ," ಎಂದಳು ಅಜ್ಜಿ. ಅಷ್ಟು ಹೆಮ್ಮೆ ವೇದಿಕೆಯ ಮೇಲೆ ನೋಡಿದಾಗಲೂ ಆಗಿರಲಿಲ್ಲ.

ಊಟ ಮುಗಿಸಿ ಎಲ್ಲರೂ ಅಂಗೈ ಮೇಲೆ ಮಾಡಿ, ಮುಖ ಸವರಿ, ಪ್ರಾರ್ಥನೆಯ ಕೊನೆಗೆ ಹೇಳುವಂತೆ ಓಮಿನ್ ಎಂದರು. ಐಸ್‌ಕ್ರೀಮ್ ಅಲ್ಲಿರಲಿಲ್ಲ. ಬಸ್‌ನಿಲ್ದಾಣದ ಗೂಡಂಗಡಿಯಲ್ಲಿ ಕೊಂಡು ಆ ಚಳಿಯಲ್ಲಿ ನಿಂತು ತಿಂದರು.

ಊರಿಗೆ ಬಂದ ಮೇಲೂ ಆ ಸಂಜೆಯ ಪದ್ಧತಿ ಉಳಿಯಿತು. ರಾತ್ರಿಯ ಊಟಕ್ಕೆ ಬುರುಲ್ ಇಬ್ಬರನ್ನು, ತಾಲಾಯ್ ಒಬ್ಬನನ್ನು ನೋಡಿಕೊಂಡರು. ಜಿಪಾರ್‌ಳ ಬಟ್ಟಲು ಮೊದಲು ತುಂಬಿತು. ಸುದ್ದಿ ಮುಚ್ಚಿಡುವುದು ಸಾಧ್ಯವೇ? ಆಯ್ದಾರ್‌ನೇ ಬೀದಿ ಬೀದಿಯಲ್ಲಿ ಹೇಳಿಕೊಂಡು ಬಂದ. ಒಂದು ದಿನ ಅಂಗಡಿಯಲ್ಲಿ ಉಪ್ಪು ಕೊಳ್ಳುವಾಗ ನೆರೆಮನೆಯ ಕಾಲಿಪಾ ಬಾಯಿಗೆ ತಲೆವಸ್ತ್ರದ ತುದಿ ಅಡ್ಡ ಹಿಡಿದು, "ಸೊಸೆ ತೋರ್ ಮೇಲೆ ಹತ್ತಿ ಕೂತಳಂತಲ್ಲ, ಬುರುಲ್?" ಎಂದಳು.

"ಕೂತಳು," ಎಂದಳು ಬುರುಲ್. "ಮೂವರನ್ನ ಒಂದೇ ಹೊಟ್ಟೇಲಿ ಹೊತ್ತವಳು. ಇನ್ನೂ ಎತ್ತರದ ಜಾಗ ಇದ್ರೆ ಹೇಳು, ಅಲ್ಲಿ ಕೂರಿಸ್ತೀನಿ."

ಈಗ ಆ ಕಣಿವೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಿಷ್ಕೆಕ್‌ಗೆ ಹೊರಟವರು, ಆಸ್ಪತ್ರೆಗಾಗಲಿ ಸರ್ಕಸ್ಸಿಗಾಗಲಿ, ಮೊದಲು ಬುರುಲ್‌ಳ ಗೇಟಿನ ಮುಂದೆ ನಿಲ್ಲುತ್ತಾರೆ. ಊಟ ಎಲ್ಲಿ ಮಾಡೋಣ ಅಪಾ ಎನ್ನುತ್ತಾರೆ. ಅವಳು ನೇರವಾಗಿ ಹೇಳುವುದಿಲ್ಲ. ಎಷ್ಟು ಮಕ್ಕಳು, ಯಾವುದು ಹಟಮಾರಿ, ಯಾವುದಕ್ಕೆ ಖಾರ ಆಗದು, ಎಲ್ಲ ವಿಚಾರಿಸುತ್ತಾಳೆ. ಕೊನೆಗೆ ಮಕ್ಕಳ ತಾಯಿಯ ಕಡೆ ತಿರುಗಿ, "ನಿನ್ನ ಊಟ ಯಾರು ನೋಡ್ಕೊಳ್ತಾರೆ?" ಎಂದು ಕೇಳುತ್ತಾಳೆ. ಕಳೆದ ಬೇಸಿಗೆಯಲ್ಲಿ ಈ ಪ್ರಶ್ನೆಗೆ ಗಂಡಸೊಬ್ಬ ತಡವರಿಸಿದಾಗ, ಒಳಗಿನಿಂದ ಬಂದ ಜಿಪಾರ್ ಅವನ ಕೈಗೆ ಮಗುವನ್ನೂ ಚಮಚವನ್ನೂ ಕೊಟ್ಟು, "ಇಲ್ಲೇ ಅಭ್ಯಾಸ ಮಾಡಿ ಹೋಗಣ್ಣಾ, ದಾರಿ ದೂರ ಇದೆ," ಎಂದಳು.