ಅಕ್ಕನಿಗೆ ಹೇಳಿದ ಮಾತು

ಇಸ್ತ್ರಿ ಅಂಗಡಿಯಲ್ಲಿ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತರ ಹುಡುಗಿ, ಹಿಡಿಯಷ್ಟು ಮೈ, ಬಾಯಿ ಮಾತ್ರ ಜೋರು. ಮಲತಂದೆ ಮನೆಯಿಂದ ಹೊರಗೆ ಹಾಕಿದ ಮೇಲೆ ಬಸ್ ನಿಲ್ದಾಣದ ಬೆಂಚು, ಮೆಟ್ಟಿಲ ಕೆಳಗಿನ ಸಂದು ಎಲ್ಲವನ್ನೂ ಕಂಡು, ಕೊನೆಗೆ ಮನೆಯಿಲ್ಲದ ಹುಡುಗಿಯರ ತಂಗುಮನೆ ಸೇರಿದ್ದಳು. ಹಗಲೆಲ್ಲ ಇಸ್ತ್ರಿ. ಮೊದಲು ಕಾಲರ್, ಆಮೇಲೆ ತೋಳು. ಕೈ ಆಡುತ್ತಿದ್ದರೆ ತಲೆ ತಣ್ಣಗಿರುತ್ತಿತ್ತು. ಕೈ ನಿಂತರೆ ಸಾಕು, ಸತ್ತುಹೋದ ಅಮ್ಮ ಬಾಗಿಲಾಚೆ ನಿಂತು ಕರೆಯುತ್ತಿದ್ದಳು.

ಹುಚ್ಚಿ ಎಂದುಬಿಟ್ಟಾರು ಎಂಬ ಭಯಕ್ಕೆ ಗುಬ್ಬಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ತಂಗುಮನೆಯ ಆಪ್ತಸಲಹೆಗಾರ್ತಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಆ ಅಕ್ಕ ಏನನ್ನೂ ಕೆದಕದೆ, ದಿನವೂ ಪಕ್ಕದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಒಂದು ಸಂಜೆ ಗುಬ್ಬಿಯೇ ಎಲ್ಲ ಹೇಳಿಬಿಟ್ಟಳು.

"ನೀನು ಹುಚ್ಚಿ ಅಲ್ಲ ಕಣೆ. ಇದು ನಮ್ಮಿಬ್ಬರಲ್ಲೇ ಇರುತ್ತೆ," ಎಂದರು ಅಕ್ಕ. ಗುಬ್ಬಿ ಅವರ ಮಡಿಲಲ್ಲಿ ಮುಖವಿಟ್ಟು ಮನಸಾರೆ ಅತ್ತಳು.

ತಂಗುಮನೆಗೆ ನೆರವು ಕೊಡುವವರ ಸಭೆ ನಡೆದ ದಿನ ಗುಬ್ಬಿ ಹಿಂದೆ ನಿಂತು ಲೋಟಗಳಿಗೆ ಟೀ ಸುರಿಯುತ್ತಿದ್ದಳು. ಅಕ್ಕ ಮೈಕ್ ಹಿಡಿದರು. "ನಮ್ಮಲ್ಲಿ ಒಬ್ಬ ಹುಡುಗಿ ಇದಾಳೆ, ಹೆಸರು ಬೇಡ. ಇಸ್ತ್ರಿ ಮಾಡ್ತಾಳೆ. ಸತ್ತ ತಾಯಿ ಕರೀತಿದಾಳೆ ಅಂತ ಬಾಗಿಲಿಗೆ ಓಡಿಹೋಗ್ತಾಳೆ."

ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಕೋಣೆಯ ಗೆಳತಿಯರು ಒಬ್ಬೊಬ್ಬರಾಗಿ ಹಿಂತಿರುಗಿ ನೋಡಿದರು. ಆ ನೋಟದ ಜಾಡು ಹಿಡಿದು ಅಂಗಡಿಯ ಯಜಮಾನರೂ ತಿರುಗಿದರು. ಅವರೂ ಸಭೆಗೆ ಬಂದಿದ್ದರು. ಲೋಟ ತುಂಬಿ ಟೀ ಗುಬ್ಬಿಯ ಕೈಮೇಲೆ ಹರಿಯಿತು.

ಮರುದಿನ ಯಜಮಾನರು ಮುಖ ಕೊಟ್ಟು ಮಾತಾಡಲಿಲ್ಲ. "ಸುಡೋ ಪೆಟ್ಟಿಗೆ ಜೊತೆ ಕೆಲಸ ಕಣಮ್ಮ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ. ಸ್ವಲ್ಪ ದಿನ ಬಿಟ್ಟು ಬಾ."

ಗುಬ್ಬಿ ನೇರ ಅಕ್ಕನ ಕೋಣೆಗೆ ನುಗ್ಗಿದಳು.

"ನಿನ್ನ ಹೆಸರೇ ಎತ್ತಲಿಲ್ವಲ್ಲೇ," ಎಂದರು ಅಕ್ಕ. "ದುಡ್ಡು ಕೊಡೋರ ಕರುಳು ಚುರುಕ್ ಅಂದ್ರೆ ತಾನೆ ಈ ಮನೆ ನಡೆಯೋದು?"

"ಒಂದು ಮಾತು ಕೇಳಬಹುದಿತ್ತಲ್ಲ ಅಕ್ಕ. ಮನೆಯಿಂದ ಹೊರದಬ್ಬಿದ ಆ ಮಲತಂದೆ ಮೇಲೆ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ. ನಿಮ್ಮ ಮೇಲೆ ಇತ್ತು."

ಅಕ್ಕ ಕೈ ಚಾಚಿದರು. ಗುಬ್ಬಿ ಹಿಂದೆ ಸರಿದಳು. ಅವತ್ತೇ ಬಟ್ಟೆ ಗಂಟು ಕಟ್ಟಿ ಹೊರಬಿದ್ದಳು.

ಈಗ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು, ಅಲ್ಲೇ ಉಗ್ರಾಣದ ಮೂಲೆಯಲ್ಲಿ ಮಲಗುತ್ತಾಳೆ. ಆಸ್ಪತ್ರೆಗೂ ಒಮ್ಮೆ ಹೋಗಿದ್ದಳು. ವಯಸ್ಸಾದ ಡಾಕ್ಟರು ಮೆತ್ತಗೆ ಕೇಳಿದರು: "ನಿದ್ದೆ ಬರಲ್ಲ ಅಂದೆ. ಬೇರೆ ಏನಾದ್ರೂ ಕಷ್ಟ ಇದೆಯಾ ಮಗಳೇ?"

ಒಳ್ಳೆಯವರ ಹಾಗೇ ಕಂಡರು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

"ಏನಿಲ್ಲ ಸಾರ್," ಎಂದಳು.